ಪ್ರತಿಯಿಂದ ಮತ್ತೆ ಎದ್ದ ಸರ್ವರ್

ಕುರುಬರಹಳ್ಳಿಯ ನಮ್ಮ ಪ್ರೌಢಶಾಲೆಯ ಕಚೇರಿಯಲ್ಲಿ, ಬೀರುವಿನ ಪಕ್ಕಕ್ಕೆ, ಒಂದು ಕರಿಯ ಪೆಟ್ಟಿಗೆಯಿದೆ. ಅದಕ್ಕೆ ಸರ್ವರ್ ಎಂದು ಹೆಸರು. ದಾಖಲಾತಿ, ಅಂಕಪಟ್ಟಿ, ವರ್ಗಾವಣೆ ಪತ್ರ ಎಲ್ಲವೂ ಅದರ ಒಡಲಲ್ಲಿಯೇ ಇರತಕ್ಕವು. ಕಚೇರಿಯ ಉಳಿದ ಕಂಪ್ಯೂಟರುಗಳು ಅದನ್ನು ಕೇಳಿಯೇ ಉತ್ತರ ಹೇಳುವುವು. ಒಂದು ಜೂನ್ ತಿಂಗಳ ರಾತ್ರಿ ಗುಡುಗು ಮಳೆಯ ನಡುವೆ ವಿದ್ಯುತ್ತು ಹಲವು ಸಲ ಹೋಗಿ ಬಂದಿತು. ಬೆಳಗ್ಗೆ ನೋಡಿದರೆ ಪೆಟ್ಟಿಗೆಯ ದೀಪವೇನೋ ಉರಿಯುತ್ತಿತ್ತು. ಪರದೆಯ ಮೇಲೆ ಮಾತ್ರ, ಆರಂಭಿಸಲು ತಕ್ಕ ಡಿಸ್ಕು ಸಿಕ್ಕಲಿಲ್ಲವೆಂಬ ಒಂದೇ ಸಾಲು. ಕಿಟಕಿಯ ಹೊರಗೆ ಒಬ್ಬ ತಂದೆ ನಿಂತಿದ್ದರು. “ಮೇಷ್ಟ್ರೇ, ಮಗಳ ಟಿ.ಸಿ. ಬೇಕಾಗಿತ್ತು. ಕಾಲೇಜಿಗೆ ಕಟ್ಟಲು ನಾಳೆಯೇ ಕೊನೆಯ ದಿನ” ಎಂದರು.

ನಾನು ಹಳಗನ್ನಡ ಪಾಠ ಹೇಳುವವನು. ನಮ್ಮ ಕಂಪ್ಯೂಟರ್ ಉಪಾಧ್ಯಾಯಿನಿಯವರು ನನಗೆ ತಿಳಿಯಹೇಳಿದುದು ಇಷ್ಟು: “ಕಡತಗಳ ಪ್ರತಿ ದಿನವೂ ಬೇರೆ ಡಿಸ್ಕಿಗೆ ಹೋಗಿದೆ ಸಾರ್, ಅವು ಕ್ಷೇಮ. ಆದರೆ ಅವನ್ನು ತೆಗೆದುಕೊಡುವವನೇ ಇಲ್ಲ.” ತೆಗೆದುಕೊಡತಕ್ಕವನೆಂದರೆ ಆಪರೇಟಿಂಗ್ ಸಿಸ್ಟಮ್. ನಿಘಂಟಿನವರು ಇದನ್ನು ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ನನಗೆ ಹೆಡ್ ಗುಮಾಸ್ತನೆಂದರೆ ಬೇಗ ಹೊಳೆಯುತ್ತದೆ. ಯಾವ ಕಾಗದ ಯಾವ ಬೀರುವಿನಲ್ಲಿದೆ, ಯಾರು ನೋಡಬಹುದು, ಯಾರು ತಿದ್ದಬಹುದು, ಬೀಗದ ಕೈ ಎಲ್ಲಿ ಎಂಬುದೆಲ್ಲ ಬಲ್ಲವನು ಆತ. ಬೀರು ತುಂಬ ಕಾಗದವಿದ್ದೂ ಗುಮಾಸ್ತನಿಲ್ಲದ ಕಚೇರಿ ನಮ್ಮದಾಗಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿ ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ ಲೋಕದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದುಬಿದ್ದುದನ್ನು ವಾಚಕರು ಕೇಳಿರಬಹುದು. ಅಲ್ಲಿಯೂ ಒಳಗಿನ ಬರಹ ಅಳಿದಿರಲಿಲ್ಲ. ಯಂತ್ರ ಎಚ್ಚರಗೊಳ್ಳಲಾರದೆ ಹೋಯಿತು, ಅಷ್ಟೆ.

ನಮ್ಮ ಪುಣ್ಯಕ್ಕೆ, ಹಿಂದಿನ ದಸರಾ ರಜೆಯಲ್ಲಿ ಆ ತಾಯಿ ಇಡೀ ಡಿಸ್ಕಿನ ಪಡಿಯಚ್ಚೊಂದನ್ನು ತೆಗೆದಿಟ್ಟಿದ್ದರು. ಇದನ್ನು ಇಮೇಜ್ ಎನ್ನುತ್ತಾರೆ. ಬರಿಯ ಕಡತಗಳ ಪ್ರತಿಗೂ ಇದಕ್ಕೂ ಬಹಳ ಅಂತರ: ಡಿಸ್ಕಿನ ವಿಭಾಗಗಳು, ಎಬ್ಬಿಸುವ ಮೊದಲ ಆಜ್ಞೆಗಳು, ಬಳಕೆದಾರರ ಹೆಸರು, ಅಪ್ಪಣೆಗಳು ಎಲ್ಲವೂ ಇದ್ದುದು ಇದ್ದಂತೆಯೇ ಇದರಲ್ಲಿ ಬರುತ್ತವೆ. ಸತ್ತ ಡಿಸ್ಕನ್ನು ತೆಗೆದು, ಅದಕ್ಕಿಂತ ಚಿಕ್ಕದಲ್ಲದ ಹೊಸದನ್ನು ಕೂರಿಸಿದರು. ವ್ಯವಸ್ಥೆಯೇ ಇಲ್ಲದ ಯಂತ್ರ ಮರುಸ್ಥಾಪನೆಯ ಕೆಲಸವನ್ನಾದರೂ ಹೇಗೆ ಮಾಡೀತು? ಆದುದರಿಂದ ಒಂದು ಪೆನ್ ಡ್ರೈವಿನಿಂದ ಅದನ್ನು ತಾತ್ಕಾಲಿಕವಾಗಿ ಎಬ್ಬಿಸಬೇಕು. ಈ ಪೆನ್ ಡ್ರೈವನ್ನು ಮೊದಲೇ ಸಿದ್ಧಪಡಿಸಿಡದವರು ಬಾವಿಗೆ ಬಿದ್ದ ಮೇಲೆ ಹಗ್ಗ ಹೊಸೆಯುವವರು. ಬಳಿಕ ಪಡಿಯಚ್ಚು ಹೊಸ ಡಿಸ್ಕಿಗೆ ಇಳಿಯಿತು. ಎರಡು ಗಂಟೆಯ ಹೊತ್ತು ಹಿಡಿಯಿತು.

ಎದ್ದ ಯಂತ್ರ ಮಾತ್ರ ಅಕ್ಟೋಬರ್ ತಿಂಗಳಿನದು! ಜನವರಿಯಲ್ಲಿ ಬದಲಾಯಿಸಿದ ಗುಪ್ತಪದವನ್ನು ಅದು ಒಪ್ಪಲಿಲ್ಲ. ಹಳೆಯದನ್ನು ಜ್ಞಾಪಿಸಿಕೊಳ್ಳಲು ಗುಮಾಸ್ತರು ಪಟ್ಟ ಪಾಡು ಬೇರೆ. ಅಂತರಜಾಲಕ್ಕೆ ಎಲ್ಲರ ಕೈಗೂ ಬಿಡುವ ಮೊದಲು ಎಂಟು ತಿಂಗಳ ರಕ್ಷಣಾ ತಿದ್ದುಪಡಿಗಳನ್ನು ಹಾಕಬೇಕಾಯಿತು. ಅನಂತರವೇ ಹಿಂದಿನ ರಾತ್ರಿಯ ಕಡತಗಳನ್ನು ಅದರೊಳಕ್ಕೆ ತುಂಬಿದ್ದು. ಸಾಯಂಕಾಲ ನಾಲ್ಕೂವರೆಗೆ ಟಿ.ಸಿ. ಅಚ್ಚಾಗಿ ಬಂದಿತು. ಆ ತಂದೆ ಊಟಕ್ಕೂ ಹೋಗದೆ ಕಾದಿದ್ದರು.

ಎರಡು ಡಿಸ್ಕುಗಳಲ್ಲಿ ಒಂದೇ ಬರಹವನ್ನು ಜೊತೆಜೊತೆಗೆ ಬರೆಯುವ ಏರ್ಪಾಡು ಇದ್ದರೆ ಸಾಲದೆ ಎಂದು ನಾನು ಕೇಳಿದೆ. ಒಂದು ಡಿಸ್ಕು ಸತ್ತರೆ ಸಾಕು. ಆದರೆ ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿಯೂ ಅದೇ ಕ್ಷಣದಲ್ಲಿ ಅಳಿಯುತ್ತದೆ, ಕೇಡಿಗರ ಹಾವಳಿಯೂ ಎರಡಕ್ಕೂ ತಗಲುತ್ತದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳಿಗೆ ಇಂಥ ದಾಳಿಯಾಗಿ, ಬರಹವೆಲ್ಲ ಓದಲಾಗದ ಗೂಢಲಿಪಿಯಾಯಿತು. ಸುಮಾರು ಎರಡು ವಾರ ರೋಗಿಗಳ ಚೀಟಿ, ವರದಿಗಳ ಕೆಲಸ ಕೈಬರಹದಲ್ಲಿ ನಡೆಯಿತು. ಸೋಂಕು ಮುಟ್ಟದಿದ್ದ ಬೇರೊಂದು ಬ್ಯಾಕಪ್ ಸರ್ವರಿನಿಂದ ಮಾಹಿತಿಯನ್ನು ಹೊಸ ಸರ್ವರುಗಳಿಗೆ ತಂದರು. ಇಂಥ ಸಂದರ್ಭದಲ್ಲಿ ತೀರ ಇತ್ತೀಚಿನ ಪ್ರತಿಯನ್ನು ನೆಚ್ಚುವಂತಿಲ್ಲ. ಅದರಲ್ಲಿಯೂ ಸೋಂಕು ಅಡಗಿರಬಹುದು.

ಪ್ರತಿಗಳ ಬೆಲೆಯನ್ನು ಕನ್ನಡಿಗರಿಗೆ ಬೇರೆಯವರು ಹೇಳಬೇಕೆ? ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಓಲೆಪ್ರತಿಗಳನ್ನು ಮಾಡಿಸಿದಳೆಂದು ಪ್ರಸಿದ್ಧಿ. ಆ ಕಾವ್ಯ ನಮಗೆ ಉಳಿದಿದೆ. ಅದೇ ಕವಿಯ ಭುವನೈಕರಾಮಾಭ್ಯುದಯ ಇಂದಿಗೂ ಸಿಕ್ಕಿಲ್ಲ.

ಆದರೆ ಓಲೆಯನ್ನು ಬಿಚ್ಚಿದರೆ ಹುಳು ಹಿಡಿದುದು ಕಣ್ಣಿಗೆ ಬೀಳುತ್ತದೆ; ಬ್ಯಾಕಪ್ಪಿನ ಹುಳು ಹಾಗೆ ಕಾಣಿಸುವುದಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ಒಬ್ಬ ನೌಕರರು ತಪ್ಪು ಯಂತ್ರಕ್ಕೆ ಅಳಿಸುವ ಆಜ್ಞೆ ಕೊಟ್ಟರು. ದಿನವಹಿ ಪ್ರತಿಗಳಿವೆಯೆಂಬ ಧೈರ್ಯದಿಂದ ಹುಡುಕಿದರೆ, ಪ್ರತಿ ತೆಗೆಯುವ ಕೆಲಸ ಸದ್ದಿಲ್ಲದೆ ವಿಫಲವಾಗುತ್ತ ಬಂದಿತ್ತು! ಆರು ಗಂಟೆ ಮೊದಲು ಆಕಸ್ಮಿಕವಾಗಿ ತೆಗೆದಿದ್ದ ಇನ್ನೊಂದು ಪ್ರತಿ ಕೈಹಿಡಿಯಿತು. ನಡುವಿನ ಆರು ಗಂಟೆಯ ಬರಹ ಹೋಯಿತು.

ಈ ಕಥೆ ಕೇಳಿದಂದಿನಿಂದ ನಮ್ಮ ಶಾಲೆಯಲ್ಲಿ ಎರಡು ಪ್ರತಿಗಳಿವೆ. ಒಂದು ಶಾಲೆಯ ಕಟ್ಟಡದಲ್ಲಿ ಇರುವುದೇ ಇಲ್ಲ. ದಸರಾ, ಬೇಸಿಗೆ ರಜೆಗಳ ಮೊದಲ ಶನಿವಾರ, ಮೂಲೆಗೆ ಹಾಕಿದ್ದ ಹಳೆಯ ಯಂತ್ರವೊಂದಕ್ಕೆ ಪಡಿಯಚ್ಚನ್ನು ಇಳಿಸಿ, ಯಾರಾದರೊಬ್ಬ ಹಳೆಯ ವಿದ್ಯಾರ್ಥಿಯ ದಾಖಲೆಯನ್ನು ತೆಗೆದು ನೋಡುತ್ತೇವೆ. ಮೊದಲ ಸಲ ಅದು ಏಳಲೇ ಇಲ್ಲ, ಪೆನ್ ಡ್ರೈವು ಕೆಟ್ಟಿತ್ತು. ಈಗ ಪೆನ್ ಡ್ರೈವುಗಳೂ ಎರಡು.