ಹಳೆಯ ಬೀದಿ, ಹೊಸ ತೇರು

2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ತೇರು ಜನರ ಕಣ್ಣೆದುರಿನಲ್ಲಿಯೇ ಉರುಳಿಬಿದ್ದುದನ್ನು ಈ ಸೀಮೆಯವರು ಮರೆತಿಲ್ಲ. ಆ ಬಳಿಕ ಹೊಸ ತೇರು ಸಿದ್ಧವಾಯಿತು. ಭಕ್ತರು ಅದನ್ನು ಅದೇ ಬೀದಿಯಲ್ಲಿ ಎಳೆದರು. ಮರ ಹೊಸದು, ಗಾಲಿ ಹೊಸದು, ಬೀದಿ ಮಾತ್ರ ಹಿಂದಿನದು. ಕೂಡ್ಲಿಗಿಯಿಂದಲೋ ಹಡಗಲಿಯಿಂದಲೋ ಬಂದ ಭಕ್ತನನ್ನು, "ಇದು ಹಿಂದಿನ ತೇರೇ ಏನು?" ಎಂದು ಕೇಳಿದರೆ ಆತ ಏನೆಂದಾನು? ಅಲ್ಲವೆನ್ನಲು ಮನಸ್ಸು ಬಾರದು. ಅಹುದೆನ್ನಲು ಕಣ್ಣು ಒಪ್ಪದು.

ಇಂಥದೇ ಪ್ರಶ್ನೆಯೊಂದು ಆಟದ ಲೋಕದಲ್ಲಿಯೂ ಎದ್ದಿತ್ತೆಂದರೆ ಹಿರಿಯ ಓದುಗರು ನಕ್ಕಾರು. ನಗಲಿ, ಆಟವೂ ಮನುಷ್ಯನ ನೆನಪು ನೆಲಸುವ ಒಂದು ಮನೆಯೇ ಅಲ್ಲವೆ?

ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಸಂಸ್ಥೆಯು 1991ರಲ್ಲಿ 'ಎ ಲಿಂಕ್ ಟು ದ ಪಾಸ್ಟ್' ಎಂಬ ಸಾಹಸದ ಆಟವನ್ನು ಹೊರತಂದಿತು. ಟೆಲಿವಿಷನ್ ಪೆಟ್ಟಿಗೆಗೆ ಜೋಡಿಸಿ ಆಡುವ ಆಟ ಅದು. ಲಿಂಕ್ ಎಂಬ ಹುಡುಗ, ಸೆರೆಯಾದ ರಾಜಕುಮಾರಿ ಜೆಲ್ಡಾ, ಹೈರೂಲ್ ಎಂಬ ನಾಡು, ಅದಕ್ಕೆ ನೆರಳಿನಂತಿರುವ ಕತ್ತಲ ಲೋಕ: ಕತೆ ಇಷ್ಟೆ. ಇದರ ಹಿಂದಿದ್ದ ಶಿಗೆರು ಮಿಯಾಮೊಟೊ ಬಾಲ್ಯದಲ್ಲಿ ಕ್ಯೋಟೋ ಬಳಿಯ ಸೊನೊಬೆಯ ಗುಡ್ಡಕಾಡುಗಳಲ್ಲಿ ಅಲೆದವರು. ದೀಪ ಹಿಡಿದು ಗುಹೆ ಹೊಕ್ಕಾಗಿನ ಭಯ ಬೆರೆತ ಬೆರಗೇ ಈ ಆಟಗಳ ಮಾಲೆಗೆ ಬೀಜವಾಯಿತು. ಗುಡೇಕೋಟೆಯ ಬಂಡೆಗಳ ನಡುವೆಯೋ ಉಚ್ಚಂಗಿದುರ್ಗದ ಮೆಟ್ಟಿಲುಗಳ ಮೇಲೆಯೋ ಬಾಲ್ಯ ಕಳೆದವರಿಗೆ ಆ ಬೆರಗನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಪ್ಪತ್ತೆರಡು ವರ್ಷಗಳ ಮೇಲೆ, 2013ರಲ್ಲಿ, ಅದರ ಉತ್ತರಭಾಗ ಬಂದಿತು: 'ಎ ಲಿಂಕ್ ಬಿಟ್ವೀನ್ ವರ್ಲ್ಡ್ಸ್'. ಈ ಸಲ ಆಟಕ್ಕೆ ಆಸರೆಯಾದುದು ಅಂಗೈಯಲ್ಲಿ ಹಿಡಿಯುವ, ಕನ್ನಡಕವಿಲ್ಲದೆಯೇ ಚಿತ್ರಕ್ಕೆ ಆಳವನ್ನು ತೋರಿಸುವ '3ಡಿಎಸ್' ಯಂತ್ರ. ನಿರ್ದೇಶಕ ಹಿರೋಮಾಸಾ ಶಿಕಾತಾ, ನಿರ್ಮಾಪಕ ಏಜಿ ಆವೊನುಮಾ. ಹೈರೂಲಿನ ನಕ್ಷೆಯನ್ನು ಇವರು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡರು. ಆದರೆ ನಾಯಕನಿಗೆ ಹೊಸದೊಂದು ವಿದ್ಯೆಯನ್ನು ಕೊಟ್ಟರು. ಆತ ಚಿತ್ರವಾಗಿ ಗೋಡೆಗೆ ಅಂಟಿಕೊಳ್ಳಬಲ್ಲ. ಗೋಡೆಯುದ್ದಕ್ಕೂ ಸರಿದು, ಬಿರುಕುಗಳ ಮೂಲಕ ಲೋರೂಲ್ ಎಂಬ ಮತ್ತೊಂದು ಲೋಕಕ್ಕೆ ದಾಟಬಲ್ಲ. ಹಿಂದೆ ದಾರಿಗೆ ಅಡ್ಡವಾಗಿದ್ದ ಗೋಡೆಯೇ ಈಗ ದಾರಿ!

ಇನ್ನೊಂದು ಮಾರ್ಪಾಟೂ ಉಂಟು. ಹಿಂದೆ ಬಿಲ್ಲು ಮೊದಲಾದ ಸಾಧನಗಳು ಒಂದೊಂದು ನೆಲಮಾಳಿಗೆಯಲ್ಲಿ ಒಂದೊಂದಾಗಿ ದೊರೆಯುತ್ತಿದ್ದುವು. ಆದಕಾರಣ ದಾರಿಯೂ ಬಹುಪಾಲು ಗೊತ್ತಾದದ್ದು. ಈಗ ರಾವಿಯೊ ಎಂಬ ವ್ಯಾಪಾರಿ ಅವನ್ನು ಬಾಡಿಗೆಗೆ ಕೊಡುತ್ತಾನೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಹೆಚ್ಚಾಗಿ ಆಡುವವನ ಇಚ್ಛೆ. ಸೋತರೆ ಮಾತ್ರ ವ್ಯಾಪಾರಿಯ ಹಕ್ಕಿ ಬಂದು ಬಾಡಿಗೆಯ ಸಾಮಾನನ್ನು ಹೊತ್ತೊಯ್ಯುತ್ತದೆ. ಆ ನಾಡಿನ ನಾಣ್ಯದ ಹೆಸರು 'ರೂಪೀ' ಎಂಬುದು ನಮ್ಮ ಕಿವಿಗೆ ಇಂಪು.

ಹಳೆಯ ನೆನಪನ್ನು ಮತ್ತೆ ಮಾರುವ ಹಂಚಿಕೆ ಇದು ಎನ್ನಬಹುದು. ಆಕ್ಷೇಪ ಹುರುಳಿಲ್ಲದ್ದೇನೂ ಅಲ್ಲ. ಆದರೆ ಪರಿಚಿತವಾದ ಊರಿಗೆ ಕರೆದೊಯ್ದು, ಅಲ್ಲಿ ನಾವು ಕಾಣದಿದ್ದ ಓಣಿಯನ್ನು ತೋರಿಸುವವನು ಬರಿಯ ವ್ಯಾಪಾರಿಯಲ್ಲ.

ನಮ್ಮ ಸೀಮೆಯನ್ನೇ ನೋಡಿರಿ. ಹರಪನಹಳ್ಳಿಯು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು; 2018ರಲ್ಲಿ ಬಳ್ಳಾರಿಗೆ ಮರಳಿತು; 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ವಿಳಾಸ ಬದಲಾಯಿತು, ನೆಲ ನಿಂತಲ್ಲಿಯೇ ನಿಂತಿತು. ಹಗರಿಬೊಮ್ಮನಹಳ್ಳಿಯ ಕಡೆಯ ಮಾತು ಬೇರೆ. ಅಲ್ಲಿ ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಊರುಗಳೇ ಮುಳುಗಿದುವು. ಹೆಸರು ಹೊಸ ನೆಲೆಗೆ ಬಂದಿತು, ಬೀದಿ ನೀರಿನಡಿಯಲ್ಲಿ ಉಳಿಯಿತು. ಅಂಥವರಿಗೆ ಹಳೆಯ ನಕ್ಷೆಯಲ್ಲಿ ಮತ್ತೊಮ್ಮೆ ನಡೆದಾಡುವ ಭಾಗ್ಯವನ್ನು ಯಾವ ಆಟ ಕೊಟ್ಟೀತು?

ಆಟದ ಯಂತ್ರಕ್ಕೂ ಕಾಲ ಕರುಣೆ ತೋರಲಿಲ್ಲ. ಅದರ ತಯಾರಿಕೆ 2020ರಲ್ಲಿ ನಿಂತಿತು. ಅದಕ್ಕೆ ಅಂತರಜಾಲದ ಮೂಲಕ ಆಟಗಳನ್ನು ಮಾರುತ್ತಿದ್ದ ಅಂಗಡಿ 2023ರ ಮಾರ್ಚಿಯಲ್ಲಿ ಮುಚ್ಚಿತು. ನೆನಪನ್ನು ಕಾಯಲು ಬಂದ ಆಟವೇ ನೆನಪಿನ ಸಾಲಿಗೆ ಸೇರುತ್ತಿದೆ. ಅದನ್ನು ಆಡಿದ ಹುಡುಗ ಮುಂದೆ ತನ್ನ ಮಗುವಿಗೆ ತೋರಿಸಬೇಕೆಂದರೆ, ಆ ಪುಟ್ಟ ಯಂತ್ರ ಎಲ್ಲಿಯಾದರೂ ಕೆಡದೆ ಉಳಿದಿರಬೇಕು.

ಕೊಟ್ಟೂರಿನವರ ಪುಣ್ಯ ದೊಡ್ಡದು. ತೇರು ಮುರಿದಾಗ ಬೀದಿ ಉಳಿದಿತ್ತು. ಹಗ್ಗ ಹಿಡಿಯುವ ಕೈಗಳೂ ಉಳಿದಿದ್ದುವು.