ಪ್ರಯೋಗ ನಿಂತ ಮೇಲೆ ಬಂದ ವರದಿಗಳು

ಹೊಸ ಔಷಧಿ ಅಥವಾ ಸಾಧನದ ಪ್ರಯೋಗಕ್ಕೆ ಒಪ್ಪಿಗೆ ಕೇಳಿದಾಗ ರೋಗಿಯ ಬಂಧುಗಳಲ್ಲಿ ಒಂದು ಸಂಶಯ ಏಳುವುದು ಸಹಜ: "ನಡುವೆಯೇ ನಿಲ್ಲಿಸಿಬಿಟ್ಟರೆ ನಮ್ಮವರ ಲೆಕ್ಕ ಏನಾಗುತ್ತದೆ, ಡಾಕ್ಟ್ರೇ?"

ಕೆಲವು ಪ್ರಯೋಗಗಳಲ್ಲಿ ಎಲ್ಲರ ಚಿಕಿತ್ಸೆ ಮುಗಿಯುವವರೆಗೆ ಕಾಯುವುದಿಲ್ಲ. ಮಾಹಿತಿ ಬಂದಂತೆಲ್ಲ ಲೆಕ್ಕ ಹಾಕುತ್ತಾರೆ. ಒಂದು ಚಿಕಿತ್ಸೆ ಮೇಲೆಂದು ಸ್ಪಷ್ಟವಾದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಇಲ್ಲವಾದರೆ ಉಳಿದ ರೋಗಿಗಳು ಕಡಿಮೆ ಗುಣದ ಚಿಕಿತ್ಸೆಯಲ್ಲೇ ಮುಂದುವರಿಯಬೇಕಾದೀತು. ಆದರೆ ಪದೇ ಪದೇ ಇಣುಕಿ ನೋಡಿದರೆ ಬರಿಯ ಅದೃಷ್ಟವೂ ಒಮ್ಮೆ ಔಷಧಿಯ ಗುಣದಂತೆ ಕಾಣಬಹುದು. ಆದ್ದರಿಂದ ಎಷ್ಟು ಅಂತರ ಕಂಡರೆ ನಿಲ್ಲಿಸಬೇಕೆಂಬ ಗಡಿಯನ್ನು ಮೊದಲೇ ಬರೆದಿಡುತ್ತಾರೆ.

ತೊಡಕು ಬರುವುದು ಇಲ್ಲಿಂದ ಮುಂದೆ. ಗಡಿ ದಾಟಿದ ದಿನ ಎಲ್ಲ ಊರುಗಳ ವರದಿಯೂ ಕೈಸೇರಿರುವುದಿಲ್ಲ.

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಡಾ. ಆರ್ಥರ್ ಮಾಸ್ ಅವರ ನೇತೃತ್ವದ 'ಮ್ಯಾಡಿಟ್' ಪ್ರಯೋಗ ಇದಕ್ಕೆ ಹೆಸರಾದ ಉದಾಹರಣೆ. ಹಿಂದೆ ಹೃದಯಾಘಾತವಾಗಿ, ಹೃದಯದ ಬಲ ಕುಗ್ಗಿ, ಬಡಿತವೂ ಏರುಪೇರಾಗುತ್ತಿದ್ದ 196 ರೋಗಿಗಳು ಅದರಲ್ಲಿದ್ದರು. 95 ಮಂದಿಯನ್ನು ಡಿಫಿಬ್ರಿಲೇಟರ್ ಗುಂಪಿಗೆ ಸೇರಿಸಲಾಯಿತು. ಇದು ದೇಹದೊಳಗೆ ಕೂರಿಸುವ ಸಾಧನ. ಬಡಿತ ಹದ ತಪ್ಪಿದಾಗ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುತ್ತದೆ. ಉಳಿದ 101 ಮಂದಿಗೆ ಆಗ ರೂಢಿಯಲ್ಲಿದ್ದ ಔಷಧೋಪಚಾರ. ಗಡಿ ದಾಟಿತು, ಪ್ರಯೋಗ ನಿಂತಿತು. ಆಮೇಲೆಯೂ ಕೆಲವು ಸಾವಿನ ಸುದ್ದಿಗಳು ಬಂದವು. 1996ರಲ್ಲಿ ಪ್ರಕಟವಾದ ಲೆಕ್ಕದಂತೆ ಸಾಧನದ ಗುಂಪಿನಲ್ಲಿ 15, ಇನ್ನೊಂದರಲ್ಲಿ 39 ಸಾವು.

ತಡವಾಗಿ ಬಂದದ್ದನ್ನು ಬಿಟ್ಟುಬಿಡುವಂತಿಲ್ಲ. ಆ ರೋಗಿಗಳೂ ನಂಬಿ ಬಂದವರೇ. ಹಾಗೆಂದು ಏನೂ ನಡೆದಿಲ್ಲವೆಂಬಂತೆ ಸುಮ್ಮನೆ ಕೂಡಿಸುವುದೂ ಸರಿಯಲ್ಲ. ಗಡಿ ಮುಟ್ಟಿದ ಕ್ಷಣದ ಅಂಕಿಯಲ್ಲಿ ಅದೃಷ್ಟದ ಪಾಲು ಸ್ವಲ್ಪ ಹೆಚ್ಚೇ ಇರುತ್ತದೆ. ಅನಂತರದ ವರದಿಗಳು ಅದನ್ನು ಎಷ್ಟೋ ಸಲ ಕೊಂಚ ಹಿಂದಕ್ಕೆ ಎಳೆಯುತ್ತವೆ. ಅಪರೂಪಕ್ಕೆ ಗಡಿಯ ಒಳಕ್ಕೇ ತಂದು ನಿಲ್ಲಿಸುವುದೂ ಉಂಟು.

ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಜಾನ್ ವೈಟ್‌ಹೆಡ್ 1992ರಲ್ಲಿ ಒಂದು ಸರಳ ಉಪಾಯ ಹೇಳಿದರು. ಪ್ರಯೋಗವನ್ನು ನಿಲ್ಲಿಸಿದ ಆ ಕೊನೆಯ ಎಣಿಕೆಯನ್ನು ಬದಿಗಿಟ್ಟು, ಅದರ ಜಾಗದಲ್ಲಿ ಎಲ್ಲ ವರದಿ ಸೇರಿದ ಎಣಿಕೆಯನ್ನು ಇಡುವುದು. ಅದಕ್ಕೂ ಹಿಂದೆ ಎಷ್ಟು ಬಾರಿ ಇಣುಕಿದ್ದರೋ ಅದು ಲೆಕ್ಕದಲ್ಲಿ ಹಾಗೆಯೇ ಉಳಿಯುತ್ತದೆ. 2013ರಲ್ಲಿ ಹ್ಯಾಂಪ್ಸನ್ ಮತ್ತು ಜೆನ್ನಿಸನ್ ಇನ್ನೂ ಮುಂದೆ ಹೋಗಿ, ತಡವಾಗುವುದನ್ನು ಮೊದಲೇ ಯೋಜನೆಗೆ ಸೇರಿಸಿದರು. ಗಡಿ ದಾಟಿದರೆ ಹೊಸಬರನ್ನು ಸೇರಿಸುವುದು ಮಾತ್ರ ನಿಲ್ಲುತ್ತದೆ. ಈಗಾಗಲೇ ಸೇರಿದವರೆಲ್ಲರ ಫಲಿತಾಂಶ ಬಂದ ಮೇಲೆಯೇ, ಮೊದಲೇ ಗೊತ್ತುಮಾಡಿದ ಎರಡನೆಯ ಗಡಿಯಂತೆ ತೀರ್ಮಾನ. ನಮಗೆ ಇದೇ ಹೆಚ್ಚು ನ್ಯಾಯವೆನಿಸುತ್ತದೆ.

ಆದ್ದರಿಂದ ಪ್ರಯೋಗ ನಿಂತಿತೆಂದು ಕೇಳಿದ ಕೂಡಲೇ ತಪಾಸಣೆಗೆ ಹೋಗುವುದನ್ನು ಬಿಡಬೇಡಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ, ನಿಂತ ಮೇಲೆ ಎಷ್ಟು ದಿನ ನೋಡಿಕೊಳ್ಳುತ್ತಾರೆ, ಯಾರನ್ನು ಕಾಣಬೇಕು ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಪ್ರಯೋಗದಿಂದ ಹೊರಬರುವ ಹಕ್ಕು ತಮಗೆ ಯಾವಾಗಲೂ ಇದೆ. ಹೊರಬರುವುದಾದರೆ ತಿಳಿಸಿ ಬನ್ನಿ.