ಬದುವಿನೊಳಗೆ ಬೆಳೆಯುವ ಗರಿಯಾಹಾಟ್‌ನ ಮೀನು

ಕೋಲ್ಕತ್ತದ ಗರಿಯಾಹಾಟ್ ಮಾರುಕಟ್ಟೆಯ ಮೀನಿನ ಸಾಲಿನಲ್ಲಿ ಕೊಳ್ಳುವವರು ಮೊದಲು ಕಿವಿರು ಎತ್ತಿ ನೋಡುತ್ತಾರೆ. ದರದ ಮಾತು ಆಮೇಲೆ. ಕಾಲಡಿ ನೀರು, ತಲೆಯ ಮೇಲೆ ಬಲ್ಬು. ದೊಡ್ಡ ಈಳಿಗೆಯನ್ನು ಕಾಲಲ್ಲಿ ಒತ್ತಿ ಕೂತವನು ಕಾಟ್ಲಾದ ತಲೆಯನ್ನು ಸೀಳಿ ಬದಿಗಿಡುತ್ತಾನೆ. ಹೆಸರುಬೇಳೆಯ ಜೊತೆ ಬೇಯಿಸುವವರಿಗೆ ಅದು ಬೇಕೇ ಬೇಕು. ಪಕ್ಕದ ಅಲ್ಯೂಮಿನಿಯಂ ಹಂಡೆಯಲ್ಲಿ ಇನ್ನೂ ಜೀವವಿರುವ ಮೀನುಗಳು. ಉಸಿರು ಕಟ್ಟದಿರಲೆಂದು ಹುಡುಗನೊಬ್ಬ ಅಂಗೈಯಿಂದ ನೀರು ಬಡಿಯುತ್ತಲೇ ಇರುತ್ತಾನೆ. ಬಂಗಾಳಿಗಳ ಬಾಯಲ್ಲಿ ಸದಾ ಇಲಿಶ್ ಮೀನಿನ ಹೆಸರು. ದಿನದ ಅನ್ನಕ್ಕೆ ಒದಗುವುದು ಮಾತ್ರ ರೂಯಿ, ಕಾಟ್ಲಾ, ತಿಲಾಪಿಯಾ.

ಇವುಗಳಲ್ಲಿ ಬಹಳಷ್ಟರ ತವರು ದೂರವಿಲ್ಲ. ಬಿಜನ್ ಸೇತು ಹತ್ತಿ ಇಳಿದು, ಕಸಬಾ ಹಾದು, ಬೈಪಾಸ್ ದಾಟಿದರೆ ಬಹುಮಹಡಿ ಕಟ್ಟಡಗಳ ಬೆನ್ನಿಗೇ ನೀರಿನ ಹೊಲಗಳು. ಮಣ್ಣಿನ ಬದು ಕಟ್ಟಿ ಪಾಲು ಮಾಡಿದ ಈ ಆಳವಿಲ್ಲದ ಕೆರೆಗಳೇ ಭೇರಿಗಳು. ಇಲ್ಲಿ ಹರಿಯುತ್ತಿದ್ದ ಬಿದ್ಯಾಧರಿ ನದಿ ಹೂಳು ತುಂಬಿ ಸತ್ತಿತು. ಉಬ್ಬರದ ಉಪ್ಪುನೀರು ಬರುವುದು ನಿಂತು ಕಲ್ಕತ್ತೆಯ ಚರಂಡಿ ನೀರು ಬಂತು. ಜನ ಮೂಗು ಮುಚ್ಚಿಕೊಂಡು ಕೂರಲಿಲ್ಲ. ಆ ನೀರನ್ನು ಬದುವಿನೊಳಗೆ ತುಂಬಿ ಬಿಸಿಲಿಗೆ ಬಿಟ್ಟರು. ಪಾಚಿ ಬೆಳೆಯಿತು, ಮೀನು ಮೇಯಿತು, ನೀರು ತಿಳಿಯಾಗಿ ಭತ್ತದ ಗದ್ದೆಗೆ ಹರಿಯಿತು. ಬದುವಿನ ಅಂಚಿಗೆ ಬಿದಿರು ನೆಟ್ಟು ಅಂತರಗಂಗೆಯನ್ನು ತಡೆದು ನಿಲ್ಲಿಸಿದ್ದಾರೆ. ನಮ್ಮ ಕೆರೆಗಳಿಗೆಲ್ಲ ಶನಿಯಾದ ಈ ಕಳೆ ಇಲ್ಲಿ ಅಲೆಗಳು ಮಣ್ಣು ಕೊರೆಯದಂತೆ ಕಾಯುತ್ತದೆ.

ಈ ಜಾಣತನವನ್ನು ಜಗತ್ತಿಗೆ ತೋರಿಸಿದವರು ಧ್ರುಬಜ್ಯೋತಿ ಘೋಷ್ ಎಂಬ ಸರ್ಕಾರಿ ಎಂಜಿನಿಯರ್. 1992ರಲ್ಲಿ ಹೈಕೋರ್ಟು ಈ ಕೆರೆಗಳಿಗೆ ಮಣ್ಣು ತುಂಬಿ ಮುಚ್ಚುವುದಕ್ಕೆ ತಡೆ ಹಾಕಿತು. 2002ರಲ್ಲಿ ಪೂರ್ವ ಕೋಲ್ಕತ್ತದ 12,500 ಹೆಕ್ಟೇರ್ ಜೌಗು ಪ್ರದೇಶ, ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. 2006ರಲ್ಲಿ ಇದರ ರಕ್ಷಣೆಗೆ ರಾಜ್ಯದ್ದೇ ಕಾನೂನು ಬಂತು. ಕುಮಟಾ ಕಡೆಯ ಗಜನಿ ಗದ್ದೆ ಕಂಡವರಿಗೆ ಬದುವಿನೊಳಗಿನ ಈ ಬೇಸಾಯ ತೀರ ಹೊಸತೆನಿಸದು. ಅಲ್ಲೂ ಕಟ್ಟೆ, ಒಳಗೆ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಮೀನು, ಸೀಗಡಿ. ಆ ಗಜನಿಗಳಿರುವ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿ ಸೇರಿದ್ದು 2024ರಲ್ಲಿ.

ಪಟ್ಟಿ, ಕಾನೂನುಗಳಷ್ಟೇ ಸಾಲವು. ಹಳೆಯ ಕೋಟೆಗೆ ಬೇಲಿ ಹಾಕಿ ಕಾವಲಿಟ್ಟರೆ ಹೇಗೋ ನಿಂತೀತು. ಭೇರಿಯ ಕಥೆ ಹಾಗಲ್ಲ. ಚಳಿಗಾಲದಲ್ಲಿ ನೀರು ಬಸಿದು ತಳ ಒಣಗಿಸಬೇಕು, ಹೂಳೆತ್ತಬೇಕು, ಕುಸಿದ ಬದುವಿಗೆ ಮಣ್ಣು ಮೆತ್ತಬೇಕು. ಭೂಪಟದಲ್ಲಿ ಎಳೆದ ರಕ್ಷಣೆಯ ಗೆರೆಯೊಳಗೇ ಮಣ್ಣು ಸುರಿದು ಗೋಡೆ ಎಬ್ಬಿಸುವವರೂ ಇದ್ದಾರೆ. ಕೊಳಚೆ ತರುವ ಕಾಲುವೆಗಳಲ್ಲಿ ಹೂಳು ಏರುತ್ತಿದೆ. ಮೀನು ಸಾಕುವವರ ದೂರು ಕೇಳಿದರೆ ಹೊರಗಿನವರು ಬೆಪ್ಪಾಗುತ್ತಾರೆ: ಬರುತ್ತಿರುವ ಕೊಳಚೆ ಸಾಲದು, ಇನ್ನಷ್ಟು ಬಿಡಿ!